ಹೃದ್ರೋಗಿಯ ಶುಶ್ರೂಷೆ: ಮನೆಯವರು ಅರಿಯಬೇಕಾದ ಸಂಗತಿಗಳು

'ಶುಶ್ರೂಷೆ' ಎಂಬ ಶಬ್ದವು ಕನ್ನಡದಲ್ಲಿ ರೋಗಿಯ ಸೇವೆ, ಆರೈಕೆ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಅದರ ಮೂಲಾರ್ಥ ಬೇರೆ. ಸಂಸ್ಕೃತದಲ್ಲಿ 'ಶ್ರು' ಎಂದರೆ ಕೇಳು. ಅದರಿಂದ ಹುಟ್ಟಿದ ಶುಶ್ರೂಷೆಗೆ 'ಕೇಳಬೇಕೆಂಬ ಇಚ್ಛೆ' ಎಂದರ್ಥ. ರೋಗಿಯು ಬಾಯಿಬಿಟ್ಟು ಹೇಳುವುದನ್ನು, ಹೇಳಲಾರದೆ ಮುಖದಲ್ಲಿ ತೋರುವುದನ್ನು, ಅವನ ದೇಹವು ಸೂಕ್ಷ್ಮವಾಗಿ ಸೂಚಿಸುವುದನ್ನು ಗಮನವಿಟ್ಟು ಗ್ರಹಿಸುವುದೇ ಸೇವೆಯ ಮೊದಲ ಹೆಜ್ಜೆ ಎಂಬ ಅರಿವು ಈ ಶಬ್ದದಲ್ಲಿ ಅಡಗಿದೆ. ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳ ಮಟ್ಟಿಗಂತೂ ಈ ಮಾತು ಅಕ್ಷರಶಃ ಸತ್ಯ.

ಮುಂಬಯಿಯ ಕನ್ನಡಿಗರಿಗೆ ಈ ವಿಷಯವು ಇಂದು ಹೆಚ್ಚು ಪ್ರಸ್ತುತವಾಗಿದೆ. 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪನೆಗೊಂಡು ಠಾಣೆ ಖಾಡಿಯ ಆಚೆ ಹೊಸ ನಗರವೊಂದು ರೂಪುಗೊಳ್ಳತೊಡಗಿದ ಮೇಲೆ, ಹೋಟೆಲು, ಬ್ಯಾಂಕು, ಗಿರಣಿ, ಕಚೇರಿಗಳಲ್ಲಿ ದುಡಿಯುತ್ತಿದ್ದ ಎಷ್ಟೋ ಕುಟುಂಬಗಳು ವಾಶಿ, ನೆರೂಲ್, ಸೀವುಡ್ಸ್, ಬೇಲಾಪುರಗಳಲ್ಲಿ ಮನೆ ಮಾಡಿದವು. ಅಂದು ತರುಣರಾಗಿದ್ದವರು ಇಂದು ಅರವತ್ತು ಎಪ್ಪತ್ತನ್ನು ದಾಟಿದ್ದಾರೆ. ಕೆಲವು ಮನೆಗಳಲ್ಲಿ ಊರಿನಿಂದ ಬಂದು ನೆಲೆಸಿದ ವೃದ್ಧ ತಂದೆತಾಯಿಗಳಿದ್ದಾರೆ. ಇನ್ನು ಕೆಲವು ಮನೆಗಳಲ್ಲಿ ಮಕ್ಕಳು ಪರದೇಶಕ್ಕೆ ಹೋಗಿ ವೃದ್ಧ ದಂಪತಿಗಳಷ್ಟೇ ಉಳಿದಿದ್ದಾರೆ. ಊರಿನ ಕೂಡುಕುಟುಂಬದಲ್ಲಿ ರೋಗಿಯ ಬಳಿ ಕೂರಲು ಒಬ್ಬರಲ್ಲ ಒಬ್ಬರು ಇರುತ್ತಿದ್ದರು. ಇಲ್ಲಿ ಬೆಳಿಗ್ಗೆ ಲೋಕಲ್ ಗಾಡಿ ಹಿಡಿದವರು ಮನೆ ಸೇರುವುದು ರಾತ್ರಿ. ದೊಡ್ಡ ಆಸ್ಪತ್ರೆಗಳು ಸಮೀಪದಲ್ಲೇ ಇವೆ, ನಿಜ. ಆದರೆ ಹೃದಯಾಘಾತವಾದ ರೋಗಿಯು ಬೇರೆ ತೊಡಕುಗಳಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾನೆ. ಆಮೇಲಿನ ತಿಂಗಳುಗಳ, ವರ್ಷಗಳ ಶುಶ್ರೂಷೆಯೆಲ್ಲ ಮನೆಯವರ ಪಾಲಿಗೆ ಬರುತ್ತದೆ. ಅವರು ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹೃದಯದ ರಚನೆ ಮತ್ತು ಕಾರ್ಯ

ಹೃದಯವು ಅವರವರ ಮುಷ್ಟಿಯ ಗಾತ್ರದ, ಸುಮಾರು 300 ಗ್ರಾಂ ತೂಕದ ಮಾಂಸಲ ಅಂಗ. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ನಡುವೆ ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳು. ನಿಮಿಷಕ್ಕೆ ಎಪ್ಪತ್ತರಷ್ಟು ಬಾರಿ ಬಡಿಯುತ್ತ, ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಅದು ದೇಹಕ್ಕೆ ತಳ್ಳುತ್ತದೆ. ಒಂದು ದಿನದ ಬಡಿತಗಳ ಸಂಖ್ಯೆ ಲಕ್ಷದ ಸಮೀಪಕ್ಕೆ ಬರುತ್ತದೆ. ಅಪಧಮನಿಗಳು ರಕ್ತವನ್ನು ಹೃದಯದಿಂದ ಒಯ್ಯುತ್ತವೆ. ಅಭಿಧಮನಿಗಳು ಮರಳಿ ತರುತ್ತವೆ. ಹೀಗೆ ರಕ್ತವು ದೇಹದಲ್ಲಿ ಸುತ್ತುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿ ತೋರಿಸಿದನು.

ಎಲ್ಲ ಅಂಗಗಳಿಗೆ ರಕ್ತವನ್ನು ಹಂಚುವ ಹೃದಯಕ್ಕೆ ತನ್ನ ಸ್ವಂತ ಮಾಂಸಖಂಡದ ಪೋಷಣೆಗೂ ರಕ್ತ ಬೇಕು. ಅದನ್ನು ಒದಗಿಸುವ ನಾಳಗಳು ಪರಿಧಮನಿಗಳು. ಇವುಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ದಾರಿ ಕಿರಿದಾದರೆ, ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆಯಲ್ಲಿ ನೋವು ಕಾಣಿಸಿಕೊಂಡು ನಿಂತಾಗ ಶಮನವಾಗುತ್ತದೆ. ಕೊಬ್ಬಿನ ಪದರ ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳವು ಮುಚ್ಚಿಹೋದರೆ ಅದೇ ಹೃದಯಾಘಾತ. ರಕ್ತ ತಲುಪದ ಮಾಂಸಖಂಡವು ನಿಮಿಷನಿಮಿಷಕ್ಕೂ ಸಾಯತೊಡಗುತ್ತದೆ. ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಹೃದಯಾಘಾತದ ಚಿಕಿತ್ಸೆಯಲ್ಲಿ ಸಮಯಕ್ಕೆ ಇಷ್ಟು ಬೆಲೆ ಬಂದಿರುವುದು ಈ ಕಾರಣದಿಂದ.

ದಾದಿಯ ಎಚ್ಚರದ ಮಹತ್ವ

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಬಾಸ್ಟನ್ನಿನ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ, ಇಂಥ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವುದರಿಂದ ಕೆಡುಕಾಗುವುದಿಲ್ಲ, ಒಳಿತೇ ಆಗುತ್ತದೆ ಎಂದು ವರದಿ ಮಾಡಿದರು. ಅತಿಯಾದ ಮಂಚದ ವಾಸದಿಂದ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂಬುದು ಇಂದು ಸರ್ವಸಮ್ಮತ.

1960ರ ದಶಕದಲ್ಲಿ ಹೃದ್ರೋಗಿಗಳಿಗೆಂದೇ ತೀವ್ರನಿಗಾ ಘಟಕಗಳು ಆರಂಭವಾದವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಾರೆನ್ಸ್ ಮೆಲ್ಟ್ಜರ್ ಎಂಬ ವೈದ್ಯರೂ ರೋಸ್ ಪಿನ್ನಿಯೊ ಎಂಬ ದಾದಿಯೂ ಸೇರಿ ಹೊಸದೊಂದು ಕ್ರಮವನ್ನು ರೂಢಿಸಿದರು. ರೋಗಿಯ ಬಳಿ ಇಡೀ ದಿನ ಇರುವವಳು ದಾದಿ. ವೈದ್ಯರು ಓಡಿ ಬರುವಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ಆದ್ದರಿಂದ ಇ.ಸಿ.ಜಿ. ಪರದೆಯ ಮೇಲಿನ ರೇಖೆಯನ್ನು ಓದುವುದನ್ನೂ, ಹೃದಯದ ಲಯ ತಪ್ಪಿದ ಕೂಡಲೇ ವಿದ್ಯುತ್ ಯಂತ್ರವನ್ನು ತಾನೇ ಬಳಸುವುದನ್ನೂ ಅವಳಿಗೇ ಕಲಿಸಲಾಯಿತು. ಇಂಥ ಘಟಕಗಳು ಹರಡಿದಂತೆ ಆಸ್ಪತ್ರೆಯೊಳಗೆ ಹೃದಯಾಘಾತದಿಂದ ಸಾಯುವವರ ಪ್ರಮಾಣ ಗಣನೀಯವಾಗಿ ಇಳಿಯಿತು. ಬಳಿಯಲ್ಲಿರುವವರಿಗೆ ಏನನ್ನು ಗಮನಿಸಬೇಕು, ಕಂಡಾಗ ಏನು ಮಾಡಬೇಕು ಎಂಬುದು ಗೊತ್ತಿದ್ದರೆ ಜೀವ ಉಳಿಯುತ್ತದೆ ಎಂಬ ಈ ಪಾಠವೇ ಮನೆಗೂ ಅನ್ವಯಿಸುತ್ತದೆ.

ಎದೆನೋವು ಬಂದಾಗ: ಮೊದಲ ಒಂದು ಗಂಟೆ

ಎದೆಯ ನಡುವೆ ಹಿಂಡಿದಂತೆ, ಭಾರ ಹೇರಿದಂತೆ ನೋವು. ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು. ತಣ್ಣನೆಯ ಬೆವರು, ಏದುಸಿರು, ವಾಂತಿ. ಇವು ಹೃದಯಾಘಾತದ ಸಾಮಾನ್ಯ ಲಕ್ಷಣಗಳು. ಆದರೆ ಸ್ತ್ರೀಯರಲ್ಲಿ, ವೃದ್ಧರಲ್ಲಿ, ಸಿಹಿಮೂತ್ರ ರೋಗಿಗಳಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಉಸಿರುಗಟ್ಟುವಿಕೆ ಅಥವಾ ಹೊಟ್ಟೆ ತೊಳಸಿದ ಭಾವನೆ ಮಾತ್ರ ಇರಬಹುದು.

ಇಲ್ಲಿಯೇ ಮನೆಯವರು ಎಡವುವುದು. ರಾತ್ರಿ ಎರಡು ಗಂಟೆಗೆ ತಾಯಿ ಎದ್ದು ಕುಳಿತು "ಯಾಕೋ ಸಂಕಟ ಆಗ್ತಿದೆ" ಎನ್ನುತ್ತಾರೆ. ರಾತ್ರಿಯ ಊಟ ಜೀರ್ಣವಾಗಿಲ್ಲ, ವಾಯು ಇರಬೇಕು ಎಂದು ಮಗ ಸೋಡಾ ಕೊಡುತ್ತಾನೆ. ಸೊಸೆ ಜೀರಿಗೆ ಕಷಾಯ ಮಾಡುತ್ತಾಳೆ. ಮಲಗಿದವರನ್ನು ಎಬ್ಬಿಸಿದೆನಲ್ಲ ಎಂಬ ಸಂಕೋಚದಿಂದ ತಾಯಿ "ಈಗ ಪರವಾಗಿಲ್ಲ" ಎಂದು ಮಲಗುತ್ತಾರೆ. ಬೆಳಗಾಗುವಷ್ಟರಲ್ಲಿ ನಾಲ್ಕು ಅಮೂಲ್ಯ ಗಂಟೆಗಳು ಕಳೆದಿರುತ್ತವೆ. ಯಾರಲ್ಲೂ ಪ್ರೀತಿಯ ಕೊರತೆಯಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ, ಅಷ್ಟೇ. ಇಂಥ ಪ್ರಸಂಗ ಯಾವ ಮನೆಯಲ್ಲಿಯಾದರೂ ಒದಗಬಹುದು.

ಪರಭಾಷೆಯ ನಗರದಲ್ಲಿ ಇನ್ನೊಂದು ತೊಡಕೂ ಇದೆ. ಕನ್ನಡದಲ್ಲಿ 'ಸಂಕಟ' ಎಂದರೆ ಎದೆ ಹೊಟ್ಟೆಗಳ ತಳಮಳ. ಮರಾಠಿ, ಹಿಂದಿಗಳಲ್ಲಿ ಅದೇ ಶಬ್ದಕ್ಕೆ ವಿಪತ್ತು ಎಂಬ ಅರ್ಥ. ಊರಿನಿಂದ ಬಂದ ಹಿರಿಯರು ಹೇಳುವ ಎದೆ ಉರಿ, ಎದೆ ಹಿಡಿತ, ಉಬ್ಬಸ, ಕಣ್ಣು ಕತ್ತಲೆ ಇವುಗಳನ್ನೆಲ್ಲ ಅವಸರದಲ್ಲಿ 'ಗ್ಯಾಸ್' ಎಂದೋ 'ಚಕ್ಕರ್' ಎಂದೋ ಅನುವಾದಿಸಿದರೆ ವೈದ್ಯರ ಊಹೆ ದಾರಿ ತಪ್ಪುವ ಸಂಭವವಿದೆ. ಎಲ್ಲಿ ತೊಂದರೆ, ಯಾವಾಗ ಶುರುವಾಯಿತು, ಎಲ್ಲಿಗೆ ಹರಡುತ್ತದೆ, ಜೊತೆಗೆ ಬೆವರು ಅಥವಾ ಏದುಸಿರು ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ರೋಗಿಗೆ ಕನ್ನಡದಲ್ಲಿ, ಅವರ ಮನೆಮಾತು ತುಳುವಾದರೆ ತುಳುವಿನಲ್ಲಿ ಕೇಳಿ, ಉತ್ತರವನ್ನು ಇದ್ದಂತೆಯೇ ವೈದ್ಯರಿಗೆ ತಿಳಿಸಬೇಕು.

ಸಂಶಯ ಬಂದ ಕೂಡಲೇ ಅನುಸರಿಸತಕ್ಕ ಕ್ರಮ ಹೀಗಿದೆ:

1. ರೋಗಿಯನ್ನು ಬೆನ್ನಿಗೆ ದಿಂಬು ಕೊಟ್ಟು, ಮೊಣಕಾಲು ಮಡಿಸಿ, ಅರೆಕುಳಿತ ಭಂಗಿಯಲ್ಲಿ ಕೂರಿಸಬೇಕು. ಬಿಗಿಯಾದ ಉಡುಪನ್ನು ಸಡಿಲಿಸಬೇಕು.

2. 108ಕ್ಕೆ ಕರೆ ಮಾಡಬೇಕು. ಈ ತುರ್ತು ವಾಹನ ಸೇವೆ ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ಜಾರಿಯಲ್ಲಿದೆ. ಹೃದಯದ ತುರ್ತು ಚಿಕಿತ್ಸೆಯ ಸೌಲಭ್ಯವಿರುವ ಸಮೀಪದ ಆಸ್ಪತ್ರೆ ಯಾವುದೆಂಬುದನ್ನು ಮನೆಯವರು ಆರೋಗ್ಯವಾಗಿರುವಾಗಲೇ ತಿಳಿದಿಟ್ಟುಕೊಳ್ಳಬೇಕು.

3. ರೋಗಿಯನ್ನು ನಡೆಸಕೂಡದು. ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೆಯ ಕಟ್ಟಡಗಳಲ್ಲಿ ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ, ನೆರೆಯವರ ಸಹಾಯದಿಂದ ಇಳಿಸಬೇಕು. ರೋಗಿಯು ತಾನೇ ವಾಹನ ನಡೆಸಿಕೊಂಡು ಹೋಗುವುದಂತೂ ಸರ್ವಥಾ ಸಲ್ಲದು.

4. ಆಸ್ಪಿರಿನ್ ಒಗ್ಗದವರು, ಜಠರದಲ್ಲಿ ರಕ್ತಸ್ರಾವವಾದವರು ಅಲ್ಲವಾದರೆ, ದೂರವಾಣಿಯಲ್ಲಿ ವೈದ್ಯರನ್ನು ಕೇಳಿ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡಬಹುದು.

5. ನಾಲಿಗೆಯ ಕೆಳಗೆ ಇಡುವ ಮಾತ್ರೆಯನ್ನು ಆ ರೋಗಿಗೆಂದೇ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕುಳಿತಿರುವಾಗಲೇ ಕೊಡಬೇಕು. ಅದರಿಂದ ರಕ್ತದೊತ್ತಡ ಕುಸಿಯುವುದುಂಟು. ನೆರೆಮನೆಯವರ ಮಾತ್ರೆ ಎಂದಿಗೂ ಬೇಡ.

6. ಊಟ, ಕಾಫಿ, ಕಷಾಯ ಯಾವುದನ್ನೂ ಕೊಡಬಾರದು. ನೋವು ಶುರುವಾದ ಗಂಟೆಯನ್ನು ಬರೆದುಕೊಂಡು, ಹಳೆಯ ಇ.ಸಿ.ಜಿ. ಮತ್ತು ಔಷಧಗಳ ಚೀಟಿಯೊಡನೆ ಹೊರಡಬೇಕು.

ರೋಗಿಯು ಪ್ರಜ್ಞೆ ತಪ್ಪಿ, ಉಸಿರಾಟ ನಿಂತಿದ್ದರೆ ಅಥವಾ ಬರಿಯ ಬಿಕ್ಕುಸಿರು ಇದ್ದರೆ, ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಪ್ರತಿಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಸಹಾಯ ಬರುವವರೆಗೂ ನಿಲ್ಲಿಸಬಾರದು. ದಣಿದರೆ ಇನ್ನೊಬ್ಬರು ಮುಂದುವರಿಸಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ತೀರಿಕೊಂಡದ್ದನ್ನು ಕನ್ನಡಿಗರಾರೂ ಮರೆತಿಲ್ಲ. ವ್ಯಾಯಾಮಶೀಲರಾದ ಮಧ್ಯವಯಸ್ಕರಿಗೂ ಈ ಅಪಾಯವಿದೆ ಎಂಬುದನ್ನು ಆ ಸಾವು ಮನವರಿಕೆ ಮಾಡಿಕೊಟ್ಟಿತು. ಅನಂತರ ಕರ್ನಾಟಕ ಸರಕಾರವು ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆಯನ್ನು ರೂಪಿಸಿ, ತಾಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡುವ ಏರ್ಪಾಡಿಗೆ ಕೈಹಾಕಿತು. ರಜೆಗೆ ಊರಿಗೆ ಹೋಗುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಮುಚ್ಚಿದ ಪರಿಧಮನಿಯನ್ನು ಬಲೂನಿನಿಂದ ಹಿಗ್ಗಿಸುವ ವಿಧಾನವನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು 1977ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲ ಬಾರಿಗೆ ಮಾಡಿದರು. ಇಂದು ಹಿಗ್ಗಿಸಿದ ಜಾಗದಲ್ಲಿ ಲೋಹದ ಸಣ್ಣ ಬಲೆಯೊಂದನ್ನು, ಅಂದರೆ ಸ್ಟೆಂಟನ್ನು, ಇರಿಸುವುದು ವಾಡಿಕೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕೊಡುತ್ತಾರೆ. ನೋವಿಲ್ಲ, ಆರಾಮವಾಗಿದೆ ಎಂದು ಇವನ್ನು ನಿಲ್ಲಿಸಿದರೆ ಸ್ಟೆಂಟ್ ಹಠಾತ್ತನೆ ಮುಚ್ಚಿ ಪ್ರಾಣಾಪಾಯ ಸಂಭವಿಸಬಹುದು. ಹಲ್ಲು ಕೀಳಿಸುವ ಮೊದಲೂ ಹೃದ್ರೋಗತಜ್ಞರನ್ನು ಕೇಳತಕ್ಕದ್ದು.

ಔಷಧದ ಚೀಟಿಯಲ್ಲಿರುವ 1-0-1 ಎಂಬ ಗುರುತು ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದನ್ನು ಸೂಚಿಸುತ್ತದೆ. ಹಿರಿಯರಿಗಾಗಿ ಪ್ರತಿ ಮಾತ್ರೆಯ ಹೆಸರು, ಹೊತ್ತು, ಉದ್ದೇಶಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ವಾರದ ಏಳು ದಿನಗಳಿಗೆ ಖಾನೆಗಳಿರುವ ಡಬ್ಬಿಯಲ್ಲಿ ಮಾತ್ರೆಗಳನ್ನು ತುಂಬಿಟ್ಟರೆ, ಕೊಟ್ಟದ್ದು ಬಿಟ್ಟದ್ದು ಒಂದೇ ನೋಟಕ್ಕೆ ತಿಳಿಯುತ್ತದೆ.

ನಡಿಗೆಯನ್ನು ವೈದ್ಯರ ಅನುಮತಿಯೊಡನೆ ಮನೆಯೊಳಗೆ ಐದು ಹತ್ತು ನಿಮಿಷಗಳಿಂದ ಆರಂಭಿಸಿ, ಕ್ರಮೇಣ ಅರ್ಧ ಗಂಟೆಗೆ ಏರಿಸಬೇಕು. ನೆರೂಲಿನ 'ಜ್ಯುವೆಲ್ ಆಫ್ ನವಿ ಮುಂಬಯಿ'ಯಂಥ ಸಮತಟ್ಟಾದ ನಡಿಗೆಯ ದಾರಿಗಳು ಇದಕ್ಕೆ ಅನುಕೂಲ. ನಡೆಯುತ್ತ ಮಾತನಾಡಲು ಆಗುವಷ್ಟು ವೇಗ ಸಾಕು. ಮಳೆಗಾಲದಲ್ಲಿ ಕಟ್ಟಡದ ಮೊಗಸಾಲೆಯಲ್ಲಿಯೇ ನಡೆಯಬಹುದು. ಊಟವಾದ ಕೂಡಲೇ ನಡೆಯುವುದು ಬೇಡ. ದಾಂಪತ್ಯ ಜೀವನದ ಬಗೆಗೂ ಸಂಕೋಚಪಡದೆ ವೈದ್ಯರಲ್ಲಿ ಕೇಳಬೇಕು. ಏದುಸಿರು, ನೋವುಗಳಿಲ್ಲದೆ ಎರಡು ಮಹಡಿ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ.

ಬೈಪಾಸ್ ಶಸ್ತ್ರಕ್ರಿಯೆಯಾದವರ ಎದೆಯ ಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರಗಳು ಬೇಕು. ಅಲ್ಲಿಯವರೆಗೆ ತುಂಬಿದ ಬಕೆಟ್ಟು, ಮೊಮ್ಮಗು, ಗ್ಯಾಸ್ ಸಿಲಿಂಡರ್ ಯಾವುದನ್ನೂ ಎತ್ತಕೂಡದು. ಮಂಚದಿಂದ ಏಳುವಾಗ ಕೈಗಳ ಮೇಲೆ ಭಾರ ಹಾಕದೆ ಮಗ್ಗುಲಿಗೆ ಹೊರಳಿ ಏಳಬೇಕು. ಕೆಮ್ಮುವಾಗ ದಿಂಬೊಂದನ್ನು ಎದೆಗೆ ಅವಚಿಕೊಂಡರೆ ನೋವು ಕಡಿಮೆ. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಕಾಣಿಸಿದರೆ, ಎದೆಮೂಳೆಯಲ್ಲಿ ಕಟಕಟ ಸದ್ದಾದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು. ಈ ಅವಧಿಯಲ್ಲಿ ರೋಗಿಯು ಮಂಕಾಗಿ ಕೂರುವುದು, ಕಾರಣವಿಲ್ಲದೆ ಕಣ್ಣೀರು ಹಾಕುವುದು ಸಾಮಾನ್ಯ. ಗದರದೆ ಜೊತೆಗೆ ಕೂರಬೇಕು. ಅದು ಎರಡು ವಾರಗಳನ್ನು ಮೀರಿದರೆ ವೈದ್ಯರಿಗೆ ಹೇಳಬೇಕು.

ರಕ್ತದೊತ್ತಡ

ಏರಿದ ರಕ್ತದೊತ್ತಡಕ್ಕೆ ಬಹುಮಟ್ಟಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ಅಳೆಯುವುದೊಂದೇ ಮಾರ್ಗ. ಅಳೆಯುವ ಮೊದಲಿನ ಅರ್ಧ ಗಂಟೆಯಲ್ಲಿ ಕಾಫಿ, ಹೊಗೆಸೊಪ್ಪು ಬೇಡ. ಮೂತ್ರವಿಸರ್ಜನೆ ಮಾಡಿ, ಬೆನ್ನಿಗೆ ಆಧಾರ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮೌನವಾಗಿ ಕೂತ ಬಳಿಕ, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಅಳೆಯಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85 ಅಥವಾ ಅದಕ್ಕಿಂತ ಹೆಚ್ಚು ಪದೇ ಪದೇ ಬಂದರೆ ಅದು ಅಧಿಕ ಒತ್ತಡ. ವೈದ್ಯರ ಭೇಟಿಗೆ ಮುಂಚಿನ ಒಂದು ವಾರ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಅಂಕಿಗಳನ್ನು ಬರೆದಿಟ್ಟು ಒಯ್ಯುವುದು ಉತ್ತಮ ಪದ್ಧತಿ. ಅಂಕಿ ಇಳಿಯಿತೆಂದು ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು; ಮಾತ್ರೆ ಸೇವಿಸುತ್ತಿರುವುದರಿಂದಲೇ ಅದು ಇಳಿದಿರುತ್ತದೆ.

ಹೃದಯದ ದುರ್ಬಲತೆ ಮತ್ತು ಪಥ್ಯ

ಹೃದಯಾಘಾತದಿಂದಲೋ ಬಹುಕಾಲದ ರಕ್ತದೊತ್ತಡದಿಂದಲೋ ಹೃದಯದ ಬಲ ಕುಂದಿದಾಗ ರಕ್ತವನ್ನು ತಳ್ಳುವ ಶಕ್ತಿ ಕಡಿಮೆಯಾಗಿ ದೇಹದಲ್ಲಿ ಉಪ್ಪು ನೀರು ಸಂಗ್ರಹವಾಗುತ್ತವೆ. ಪಾದ ಬಾತುಕೊಳ್ಳುತ್ತದೆ, ಶ್ವಾಸಕೋಶದಲ್ಲಿ ನೀರು ನಿಂತು ಏದುಸಿರು ಬರುತ್ತದೆ. ಇಂಥ ರೋಗಿಗಳು ಮತ್ತೆ ಮತ್ತೆ ಆಸ್ಪತ್ರೆ ಸೇರುವುದುಂಟು. ಮನೆಯವರ ಗಮನ ಅತ್ಯಂತ ಫಲ ನೀಡುವುದು ಈ ಕಾಯಿಲೆಯಲ್ಲಿಯೇ.

ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ಬಳಿಕ, ತಿಂಡಿಗೆ ಮೊದಲು, ಒಂದೇ ತೂಕದ ಯಂತ್ರದ ಮೇಲೆ ತೂಕ ನೋಡಿ ಬರೆಯಬೇಕು. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ನೀರು. ಏದುಸಿರು ಶುರುವಾಗುವ ಮುನ್ನವೇ ತೂಕವು ಈ ಎಚ್ಚರಿಕೆ ಕೊಡುತ್ತದೆ. ಆಗಲೇ ವೈದ್ಯರಿಗೆ ತಿಳಿಸಿದರೆ ಔಷಧದ ಪ್ರಮಾಣ ಬದಲಿಸಿ ತೊಂದರೆಯನ್ನು ತಡೆಯಲು ಸಾಧ್ಯ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿಯುತ್ತದೆಯೇ, ನಿನ್ನೆ ಒಂದು ದಿಂಬು ಸಾಕಾದವರಿಗೆ ಇಂದು ಮೂರು ಬೇಕಾಯಿತೇ, ಮಲಗಿದರೆ ಕೆಮ್ಮು ಬರುತ್ತದೆಯೇ, ನಡುರಾತ್ರಿ ಎದ್ದು ಕಿಟಕಿಯ ಬಳಿ ಕೂರುತ್ತಾರೆಯೇ ಎಂಬುದನ್ನು ಗಮನಿಸಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಿಗ್ಗೆಯೇ ಕೊಟ್ಟರೆ ರಾತ್ರಿಯ ನಿದ್ದೆ ಕೆಡುವುದಿಲ್ಲ. ಮಂಡಿನೋವಿಗೆಂದು ಅಂಗಡಿಯಿಂದ ನೋವುನಿವಾರಕ ಮಾತ್ರೆಗಳನ್ನು ತಂದು ಕೊಡಬಾರದು. ಅವುಗಳಲ್ಲಿ ಹಲವು ದೇಹದಲ್ಲಿ ನೀರು ನಿಲ್ಲಿಸುತ್ತವೆ.

ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಆರೋಗ್ಯವಂತರಿಗೂ ಸಲ್ಲುವ ಮಿತಿ. ಆದರೆ ಕನ್ನಡಿಗರ ಊಟದಲ್ಲಿ ಕಾಣದ ಉಪ್ಪು ಬಹಳ. ಸಾರಿನ ಉಪ್ಪನ್ನು ಕಡಿಮೆ ಮಾಡಿದ ಗೃಹಿಣಿಯೂ ಗಂಜಿಯ ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ ಬಡಿಸುತ್ತಾಳೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಚಟ್ನಿಪುಡಿ, ಒಣಮೀನು ಎಲ್ಲದರಲ್ಲೂ ಉಪ್ಪು ತುಂಬಿದೆ. ಊರಿನಿಂದ ಬಂದವರು ಪ್ರೀತಿಯಿಂದ ಕಟ್ಟಿ ತರುವ ಗಂಟಿನಲ್ಲಿ ಇವೇ ಹೆಚ್ಚು. ರುಚಿಗಾಗಿ ಲಿಂಬೆರಸ, ಕೊತ್ತಂಬರಿ, ಶುಂಠಿ, ಕರಿಮೆಣಸು, ಬೆಳ್ಳುಳ್ಳಿ ಒಗ್ಗರಣೆಗಳನ್ನು ಬಳಸಬಹುದು. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಬದಲಿ ಉಪ್ಪೆಂದು ಮಾರುವ ಪುಡಿಗಳಲ್ಲಿ ಪೊಟ್ಯಾಸಿಯಂ ಇರುವುದರಿಂದ ವೈದ್ಯರನ್ನು ಕೇಳದೆ ಬಳಸಕೂಡದು. ಕುಡಿಯುವ ನೀರಿನ ಮಿತಿಯನ್ನೂ ವೈದ್ಯರೇ ನಿಗದಿಪಡಿಸಬೇಕು.

ಕವಾಟಗಳ ರೋಗ

ಬಾಲ್ಯದಲ್ಲಿ, ಮುಖ್ಯವಾಗಿ 5ರಿಂದ 15 ವರ್ಷದೊಳಗೆ, ಗಂಟಲುನೋವಿನ ಬೆನ್ನಿಗೆ ಕೀಲುಗಳು ಊದಿ ನೋಯುವ ಸಂಧಿವಾತ ಜ್ವರ ಬಂದರೆ ಅದು ಹೃದಯದ ಕವಾಟಗಳನ್ನು ಕೆಡಿಸಬಲ್ಲುದು. ಒಮ್ಮೆ ಬಂದವರಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಪರೀಕ್ಷೆ, ಮದುವೆ, ಊರಿನ ಪ್ರಯಾಣಗಳ ನೆಪದಲ್ಲಿ ಅದನ್ನು ತಪ್ಪಿಸಬಾರದು.

ಕೆಟ್ಟ ಕವಾಟದ ಬದಲಿಗೆ ಕೃತಕ ಕವಾಟವನ್ನು ಜೋಡಿಸುವುದುಂಟು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಸಿದ್ಧವಾದ ದೇಶೀಯ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಅವರು 2024ರಲ್ಲಿ ಮಣಿಪಾಲದಲ್ಲಿಯೇ ನಿಧನರಾದರು. ಲೋಹದ ಕವಾಟವಿರುವವರು ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸಿ, ನಿಯಮಿತವಾಗಿ ರಕ್ತಪರೀಕ್ಷೆ ಮಾಡಿಸಬೇಕು. ಬಸಳೆ, ಹರಿವೆ, ನುಗ್ಗೆಸೊಪ್ಪುಗಳು ವರ್ಜ್ಯವಲ್ಲ. ಆದರೆ ಒಂದು ವಾರ ಸೊಪ್ಪೇ ಇಲ್ಲದೆ ಮುಂದಿನ ವಾರ ದಿನವೂ ತಿಂದರೆ ಔಷಧದ ಪರಿಣಾಮ ಏರುಪೇರಾಗುತ್ತದೆ. ಪ್ರಮಾಣ ಒಂದೇ ತೆರನಾಗಿರಬೇಕು. ಒಸಡಿನಲ್ಲಿ ರಕ್ತ, ಕಪ್ಪು ಮಲ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ತಲೆಗೆ ಪೆಟ್ಟು ಇವುಗಳಲ್ಲಿ ಯಾವುದನ್ನೂ ಅಲಕ್ಷಿಸಬಾರದು. ಗರ್ಭಧಾರಣೆಯ ವಿಚಾರವನ್ನು ಮುಂಚಿತವಾಗಿಯೇ ವೈದ್ಯರಲ್ಲಿ ಚರ್ಚಿಸಬೇಕು.

ಕೈಕಾಲುಗಳ ರಕ್ತನಾಳಗಳು

ಹೋಟೆಲಿನ ಅಡುಗೆಯವರು, ಬಸ್ ನಿರ್ವಾಹಕರು, ದಾದಿಯರು, ದಿನವೂ ಲೋಕಲಿನಲ್ಲಿ ನಿಂತು ಪ್ರಯಾಣಿಸುವವರು, ಹೀಗೆ ಬಹುಕಾಲ ನಿಲ್ಲುವವರಲ್ಲಿ ಕಾಲಿನ ಅಭಿಧಮನಿಗಳು ಉಬ್ಬಿ ಗಂಟುಗಂಟಾಗುತ್ತವೆ. ಬಿಡುವಾದಾಗ ಕಾಲನ್ನು ಹೃದಯಕ್ಕಿಂತ ಮೇಲಿಟ್ಟು ಮಲಗಬೇಕು. ವೈದ್ಯರು ಹೇಳಿದ ಬಿಗಿ ಕಾಲುಚೀಲವನ್ನು ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಗಂಟು ಒಡೆದು ರಕ್ತ ಸುರಿದರೆ ಮಲಗಿಸಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ.

ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇದಕ್ಕಿಂತ ಅಪಾಯಕರ. ಮುಂಬಯಿಯಿಂದ ಉಡುಪಿ ಮಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಜೋತುಬಿಟ್ಟು ಕೂರುವವರು, ಶಸ್ತ್ರಕ್ರಿಯೆಯಾಗಿ ಮಲಗಿರುವವರು ಜಾಗ್ರತೆ ವಹಿಸಬೇಕು. ಆಗಾಗ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಬಸ್ಸು ನಿಂತಲ್ಲಿ ಇಳಿದು ನಡೆಯಬೇಕು. ಸಾಕಷ್ಟು ನೀರು ಕುಡಿಯಬೇಕು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಕೂಡದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವು ಅಪಧಮನಿ ಕಿರಿದಾದುದರ ಗುರುತು. ಬೀಡಿ ಸಿಗರೇಟುಗಳೇ ಇದರ ಪರಮ ಶತ್ರು. ಇಂಥವರ ಪಾದ ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಡಬಾರದು. ಸ್ಪರ್ಶ ಮಂದವಾಗಿರುವುದರಿಂದ ಸುಟ್ಟದ್ದು ಗೊತ್ತಾಗುವುದಿಲ್ಲ. ದಿನವೂ ಪಾದಗಳನ್ನು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಬೇಕು. ಇನ್ನು ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಮೆದುಳಿನ ರಕ್ತನಾಳದ ಆಘಾತವನ್ನು ಸೂಚಿಸುತ್ತವೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಫಲಕಾರಿಯಾಗುವುದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಮಾತ್ರ.

ಆರೈಕೆ ಮಾಡುವವರ ಆರೈಕೆ

ಮನೆಯಲ್ಲಿ ಶುಶ್ರೂಷೆಯ ಹೊರೆ ಬಹುತೇಕ ಒಬ್ಬರ ಮೇಲೆ, ಸಾಮಾನ್ಯವಾಗಿ ಹೆಂಡತಿಯ ಅಥವಾ ಸೊಸೆಯ ಮೇಲೆ ಬೀಳುತ್ತದೆ. ಗಂಡನ ಮಾತ್ರೆಗಳ ಹೊತ್ತನ್ನು ತಪ್ಪದೆ ನೋಡಿಕೊಳ್ಳುವ ಹೆಂಡತಿಯು ತನ್ನದೇ ರಕ್ತದೊತ್ತಡದ ಮಾತ್ರೆಯನ್ನು ಮರೆತಿರುತ್ತಾಳೆ. ಮನೆಯ ಇತರರು ಸರದಿಯಂತೆ ಜವಾಬ್ದಾರಿ ಹಂಚಿಕೊಳ್ಳಬೇಕು. ದೂರದಲ್ಲಿರುವ ಮಕ್ಕಳು ದಿನವೂ ಅಂದಿನ ತೂಕ, ಒತ್ತಡಗಳ ಅಂಕಿಯನ್ನು ದೂರವಾಣಿಯಲ್ಲಿ ಕೇಳುವುದೂ ಒಂದು ಸೇವೆಯೇ. ಕನ್ನಡ ಸಂಘಗಳು ಎದೆ ಒತ್ತುವ ವಿಧಾನದ ತರಬೇತಿಯನ್ನು ಏರ್ಪಡಿಸಬಹುದು. ಆಸ್ಪತ್ರೆಯಲ್ಲಿ ಒಂಟಿಯಾದ ಹಿರಿಯರ ಮಾತನ್ನು ವೈದ್ಯರಿಗೆ ಅನುವಾದಿಸಬಲ್ಲ ತರುಣ ತರುಣಿಯರ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಇದಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ.

ಈ ಎಲ್ಲ ಸಲಹೆಗಳು ವೈದ್ಯರ ಆದೇಶಕ್ಕೆ ಪೂರಕವೇ ಹೊರತು ಅದರ ಬದಲಿಯಲ್ಲ. ಕೊನೆಗೆ ಪ್ರತಿ ಮನೆಯೂ ಮಾಡಬಹುದಾದ ಸುಲಭ ಕೆಲಸ ಒಂದಿದೆ. ಒಂದು ಇನ್ನೂರು ಪುಟದ ನೋಟುಬುಕ್ಕಿನ ಮೊದಲ ಪುಟದಲ್ಲಿ ರೋಗಿಯ ರಕ್ತದ ಗುಂಪು, ಒಗ್ಗದ ಔಷಧಗಳು, ವೈದ್ಯರ ಹಾಗೂ ನೆರೆಮನೆಯವರ ದೂರವಾಣಿ ಸಂಖ್ಯೆಗಳನ್ನು ಬರೆದಿಡಬೇಕು. ಮುಂದಿನ ಪುಟಗಳಲ್ಲಿ ದಿನಕ್ಕೊಂದು ಸಾಲು: ತೂಕ, ಒತ್ತಡ, ನಾಡಿ, ಕಾಲಿನ ಊತ, ನಿದ್ದೆ, ಮತ್ತು ರೋಗಿಯು ಅಂದು ಹೇಳಿದ ಮಾತು. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷ ಮನೆಯವರೊಬ್ಬರು ರೋಗಿಯ ಎದುರು ಕುಳಿತು "ಇವತ್ತು ಹೇಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾದಿರುತ್ತಾರೆ. ಶುಶ್ರೂಷೆ ಎಂಬ ಶಬ್ದದ ಮೂಲಾರ್ಥವೂ ಅದೇ ಅಲ್ಲವೇ?